ಒದ್ದೆ ಟವೆಲ್ಲಿನ ಹಾಡು

ಬೀರುವಿನ ಮೇಲಿಂದ ಬಿಳಿ ಹೊದಿಕೆ ಎಳೆಯಲು ಹೋಗಿ ಅವಳು ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನೇ ಮೈಮೇಲೆ ಕೆಡವಿಕೊಂಡಳು. ಹೊರಕೋಣೆಯ ಮಂಚದ ಮೇಲೆ ಗಂಡ ತಣ್ಣಗೆ ಮಲಗಿದ್ದ. ಶವದ ವ್ಯಾನು ಮೂರು ಗಂಟೆಗೆ ಬರುವುದಿತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರೆಲ್ಲ ಅವನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಬೆಳಗಿನಿಂದ ಅವಳ ಕಣ್ಣಲ್ಲಿ ಒಂದು ತೊಟ್ಟು ನೀರು ಬಂದಿರಲಿಲ್ಲ.

ಸದ್ದು ಕೇಳಿ ಅವಳ ಅಕ್ಕ ಓಡಿಬಂದಳು. "ಸ್ವಲ್ಪನಾದ್ರೂ ಅಳೇ. ಜನ ಮಾತಾಡ್ಕೋತಿದಾರೆ."

"ಯಾರಿಗೆ ಅಂತ ಅಳ್ಲಿ? ಮೂವತ್ತೊಂದು ವರ್ಷ ನಾನಾಡಿದ ಒಂದು ಮಾತೂ ಆ ಕಿವಿಗೆ ಬಿದ್ದಿಲ್ಲ. ಗೋಡೆ ಸತ್ರೆ ಯಾರಾದ್ರೂ ಅಳ್ತಾರಾ?"

*

ಅವಳ ಗಂಡ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತನಾಗಿದ್ದ. ನಲ್ಲಿಯಲ್ಲಿ ನೀರು ಬಾರದವರೆಲ್ಲ ದಿನವಿಡೀ ಅವನ ಮೇಲೆ ಹರಿಹಾಯುತ್ತಿದ್ದರು. ಒಂದು ಸಂಜೆ ಗೆಳೆಯನ ರೇಡಿಯೋ ರಿಪೇರಿ ಅಂಗಡಿಯಲ್ಲಿ, ಯಾರೋ ಬಿಟ್ಟುಹೋದ ಹೆವಿ ಮೆಟಲ್ ಸಂಗೀತದ ಕ್ಯಾಸೆಟ್ಟು ಕೇಳಿದ. ಗಿಟಾರು ಗರಗಸದಂತೆ ಕೊಯ್ಯುತ್ತಿತ್ತು. ಡ್ರಮ್ಮು ತಗಡಿನ ಮೇಲೆ ಜಲ್ಲಿ ಸುರಿದಂತಿತ್ತು. ನಡುವೆ ಫಿನ್ಲೆಂಡಿನ ಯಾವನೋ ಕರುಳು ಕಿತ್ತುಬರುವಂತೆ ಅರಚುತ್ತಿದ್ದ. ಇವನು ಸ್ಟೂಲಿನ ಮೇಲೆ ಕುಸಿದು ಕೂತ. ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬ ಮನುಷ್ಯ ಇಷ್ಟು ಜೋರಾಗಿ ಅರಚುತ್ತಿದ್ದ, ಮತ್ತು ಅದು ತನ್ನ ಮೇಲಾಗಿರಲಿಲ್ಲ.

ಅಂಥ ಹಾಡುಗಳು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಾಡುವವರು ಮನೆಯಲ್ಲೇ ಧ್ವನಿಮುದ್ರಿಸಿದ್ದನ್ನು ಕೇಳುವವರು ಅಂಚೆಯಲ್ಲಿ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಪೋಲೆಂಡಿನಿಂದ ಬಂತು, ಬ್ರೆಜಿಲ್ಲಿನಿಂದ ಬಂತು. ಮನೆಗೆ ಬಂದವನೇ ಅವನು ಕಿವಿಗೆ ಹೆಡ್‌ಫೋನ್ ಏರಿಸುತ್ತಿದ್ದ. ಹೆಂಡತಿ ಬೈಯತೊಡಗಿದರೆ ಒಂದು ಕಿವಿಯದನ್ನು ಸರಿಸಿ, "ಏನಂದೆ? ಇನ್ನೊಂದ್ಸಲ ಹೇಳು," ಎನ್ನುತ್ತಿದ್ದ. ಅವಳು ಮೈಯೆಲ್ಲ ಉರಿದು, ಅದನ್ನೇ ಇನ್ನೂ ಜೋರಾಗಿ ಮೊದಲಿನಿಂದ ಹೇಳುತ್ತಿದ್ದಳು.

*

ಕ್ಯಾಸೆಟ್ಟುಗಳ ನಡುವೆ ಕೂತಿದ್ದ ಅವಳನ್ನು ಕಂಡು ರೇಡಿಯೋ ರಿಪೇರಿಯ ಗೆಳೆಯ ಬಾಗಿಲಲ್ಲೇ ನಿಂತ.

"ಎಲ್ಲಾ ನೀವೇ ತಗೊಂಡು ಹೋಗಿ," ಎಂದಳು.

"ಇದರಲ್ಲಿ ಅರ್ಧ ನೀವೇ ಇದೀರಿ, ಅತ್ತಿಗೆ."

ಅವಳು ಅವನ ಮುಖ ನೋಡಿದಳು. ಅವನು ತಲೆ ಕೆರೆದುಕೊಳ್ಳುತ್ತ ವಿವರಿಸಿದ. ಒಂದು ಕ್ಯಾಸೆಟ್ಟು ಬಂದರೆ ಇಲ್ಲಿಂದಲೂ ಒಂದು ಹೋಗಬೇಕು, ಅದು ಆ ಮಂದಿಯ ಕಟ್ಟಳೆ. ಇಲ್ಲಿ ಹಾಗೆ ಹಾಡುವವರು ಯಾರೂ ಇರಲಿಲ್ಲ. ಮಿಕ್ಸಿ ತಿರುಗುವಾಗ ಇವಳು ಬೈದದ್ದನ್ನು ಟೇಪಿನಲ್ಲಿ ಮುದ್ರಿಸಿ, ಹಿನ್ನೆಲೆಗೆ ಬಟ್ಟೆ ಒಗೆಯುವ ಯಂತ್ರದ ಸದ್ದು ಸೇರಿಸಿ, ಗೆಳೆಯರಿಬ್ಬರೂ ಕಳಿಸಿಬಿಟ್ಟಿದ್ದರು. ಏಳು ದೇಶ ಸುತ್ತಿತ್ತು. ನಿಮ್ಮ ಗಾಯಕನ ತೂಕ ಎಷ್ಟು, ಅವನಿಗೆ ಯಾರ ಮೇಲೆ ಅಷ್ಟು ಕೋಪ ಎಂದು ಪೋಲೆಂಡಿನಿಂದ ಕಾಗದ ಬಂದಿತ್ತು.

ಅವಳು ಕೈಗೆ ಸಿಕ್ಕ ಡಬ್ಬಿ ತೆರೆದಳು. ಒಳಗೆ ಮಡಿಚಿಟ್ಟ ಹಾಳೆ. ಗಂಡನ ದುಂಡು ಅಕ್ಷರ. ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕಬೇಡಿ ಅಂತ ಎಷ್ಟು ಸಲ ಬಡ್ಕೊಳ್ಲಿ ಎಂಬಲ್ಲಿಂದ ತವರಿಗೆ ಹೋಗ್ತೀನಿ ಎಂಬಲ್ಲಿಯವರೆಗೆ, ಅವಳ ಒಂದು ಮಾತೂ ಬಿಟ್ಟುಹೋಗಿರಲಿಲ್ಲ. ನಡುವೆ ಒಂದು ಕಡೆ, 'ಇಲ್ಲಿ ಕೆಮ್ಮು' ಎಂದು ಬರೆದಿತ್ತು.

"ಇದೆಲ್ಲಾ ಕೇಳಿಸ್ಕೊಂಡು ಬರ್ದಿದಾರಾ?"

"ಮೂರ್ಮೂರು ಸಲ. ಎರಡನೇ ಸಲ ನಿಮ್ಮ ದನಿ ಚೆನ್ನಾಗಿ ಏರುತ್ತೆ ಅಂತಾನೇ ಇನ್ನೊಂದ್ಸಲ ಹೇಳು ಅಂತಿದ್ದ."

ಹೊರಗೆ ವ್ಯಾನು ಬಂದು ನಿಂತಿತು. ಚಾಲಕ ಒಳಗೆ ಬಂದು, ಹೊತ್ತಾಯಿತು ಎಂದ. ಅವಳು ಎದ್ದು ಮಂಚದ ಬಳಿ ಹೋದಳು. ಸದ್ಯ, ಈಗ ಅಳುತ್ತಾಳೆ ಎಂದು ಅಕ್ಕ ಕರವಸ್ತ್ರ ಹಿಡಿದು ಹಿಂದೆಯೇ ಬಂದಳು.

"ಯಾರನ್ನ ಕೇಳಿ ಹೊರಟ್ರಿ?" ಎಂದು ಅವಳು ಶುರುಮಾಡಿದಳು. "ಹಾಲು ಒಲೆ ಮೇಲಿತ್ತು. ಒಂದು ಮಾತು ಹೇಳೋಕಾಗ್ಲಿಲ್ವಾ ನಿಮ್ಗೆ?"

ದನಿ ಒಡೆದು, ಮತ್ತೆ ಕೂಡಿ, ಮೇಲೇರಿತು. ಕಣ್ಣೀರು ಗಲ್ಲದ ಮೇಲಿಂದ ಇಳಿಯುತ್ತಿದ್ದರೂ ಬೈಗುಳ ನಿಲ್ಲಲಿಲ್ಲ. ಚಾಲಕ ಎರಡು ಹೆಜ್ಜೆ ಹಿಂದೆ ಸರಿದ. ರಿಪೇರಿಯವನು ಗೆಳೆಯನ ಟೇಪ್ ರೆಕಾರ್ಡರನ್ನು ತಂದು ಮಂಚದ ತುದಿಯಲ್ಲಿಟ್ಟು ಕೆಂಪು ಗುಂಡಿ ಒತ್ತಿದ. ಆಮೇಲೆ ತುದಿಗಾಲಲ್ಲಿ ಗೋಡೆಯ ಬಳಿ ಹೋಗಿ ಫ್ಯಾನು ಆರಿಸಿದ. ಆ ಸೆಕೆಯಲ್ಲಿ ಎಲ್ಲರೂ ಬೆವರುತ್ತ, ಕುರ್ಚಿ ಕಿರುಗುಟ್ಟದಂತೆ, ಉಸಿರು ಬಿಗಿಹಿಡಿದು ಕೂತರು.