ಸೇತುವೆಯ ಕೆಳಗಿನ ಎಂಟಾಣೆ

ರೋಮನ್ ನಾಣ್ಯ ಸಿಗುವವರೆಗೆ ಬಿಡುವವನಲ್ಲ ನಾನು. ಕೌನ್ಸಿಲ್ಲಿನ ಪರವಾನಗಿ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದು, ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಪಾರ್ಕಿನಲ್ಲಿ ಮೂರು ವರ್ಷ ಬರೀ ಬಿಯರ್ ಮುಚ್ಚಳ ಅಗೆದಿದ್ದೆ. 2003ರ ಬೇಸಿಗೆಯಲ್ಲಿ ಅಲ್ಲಿಯ ತೊರೆ ಬತ್ತಿತು. ಸೇತುವೆಯ ಕೆಳಗೆ ಯಂತ್ರ ಒಂದೇ ಸಮನೆ ಕೂಗಿತು. ಅಗೆದು, ಸಿಕ್ಕ ಹಿಡಿ ನಾಣ್ಯಗಳನ್ನು ತೊಳೆದು ನೋಡಿದರೆ ಎಲ್ಲವೂ ನಮ್ಮ ದೇಶದ ಎಂಟಾಣೆ.

ಮನೆಗೆ ಒಯ್ದು ಹೆಂಡತಿ ಸುಶೀಲಾಬಾಯಿಗೆ ತೋರಿಸಿದೆ.

“ಊರಿಂದ ಬಂದಾಗೆಲ್ಲಾ ಆ ಸೇತುವಿ ದಾಟೂಮುಂದ ಗಂಗವ್ವಗ ನಾನೇ ಒಗದೇನಿ. ಎಲ್ಲಿಂದ ತಂದೀರಿ, ಅಲ್ಲೇ ಹಾಕಿ ಬರ್ರಿ,” ಅಂದಳು.

ಅಲ್ಲಿಗೇ ಹೋದೆ. ಆದರೆ ನಾಣ್ಯ ಹಾಕುವ ಮೊದಲು ಗುಂಡಿಯನ್ನು ಇನ್ನೊಂದು ಮೊಳ ಆಳಕ್ಕೆ ಅಗೆದೆ. ರೋಮನ್ನರ ಹೆಂಡತಿಯರೂ ತೊರೆಗೆ ಒಗೆಯದೆ ಬಿಟ್ಟಿರಲಾರರು.