ಟವೆಲ್ಲಿನಡಿಯ ಗ್ರಾಫಿಕ್ಸ್ ಕಾರ್ಡ್

ಗಂಗಾಲಕ್ಷ್ಮಿ ಹುಟ್ಟಿದ ವರ್ಷ ಅವಳ ಪಾಲಿಗೆಂದು ಅಪ್ಪ ಬೋರಣ್ಣ ಮಂದೆಯಲ್ಲಿ ಒಂದು ಹೆಣ್ಣು ಮರಿ ಬಿಟ್ಟಿದ್ದ. ಅದು ಈದು, ಅದರ ಮರಿ ಈದು, ಇಪ್ಪತ್ತು ವರ್ಷದಲ್ಲಿ ಅವಳ ಕುರಿಗಳೇ ಒಂದು ಸಣ್ಣ ಗುಂಪಾಗಿದ್ದವು. ಅದರಲ್ಲಿ ನಾಲ್ಕನ್ನು ಮಾರಿ ನಲವತ್ತು ಸಾವಿರ ಬಂದಾಗ, ಹುಡುಗಿ ಕಿವಿಗೆ ಓಲೆ ಮಾಡಿಸಿಕೊಳ್ಳುತ್ತಾಳೆ ಎಂದು ಮನೆಯವರೆಲ್ಲ ಅಂದುಕೊಂಡರು. ಹುಡುಗಿ ಗೇಮ್ ಆಡುವ ಕಂಪ್ಯೂಟರ್ ಕಟ್ಟುತ್ತೇನೆ ಎಂದಳು.

ಕಟ್ಟುವುದೆಂದರೆ ಬಿಡಿ ಸಾಮಾನು ಆರಿಸಿ ಜೋಡಿಸುವುದು. ಎರಡು ತಿಂಗಳು ಉಣ್ಣುವಾಗಲೂ ಫೋನಿನಲ್ಲಿ ಅದೇ ಧ್ಯಾನ. ಪ್ರೊಸೆಸರ್ ಇಷ್ಟಕ್ಕೆ, ರ‍್ಯಾಮ್ ಇಷ್ಟಕ್ಕೆ, ಇವನ್ನೆಲ್ಲ ಕೂರಿಸಲು ಬಣ್ಣದ ದೀಪ ಮಿನುಗುವ ಗಾಜಿನ ಡಬ್ಬ ಮೂರು ಸಾವಿರಕ್ಕೆ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಮಾತ್ರ ಹೊಸದು ಕೈಗೆಟುಕಲಿಲ್ಲ. ಕೊನೆಗೆ ಶಿರಾದ ಭೀಮರಾಜು ಎಂಬವನ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಒಂದಿದೆ ಎಂದು ಗೊತ್ತಾಯಿತು. ಅದಕ್ಕೆ ಹನ್ನೊಂದು ಸಾವಿರ, ಪವರ್ ಸಪ್ಲೈಗೆ ಮೂರು ಎಂದು ಬರೆದುಕೊಂಡಳು. ಅಲ್ಲಿಗೆ ನಲವತ್ತು ಸಾವಿರವೂ ಮುಗಿಯಿತು. ಒಂದು ಕಡೆ ಜಾಸ್ತಿಯಾದರೆ ಇನ್ನೊಂದು ಕಡೆ ಖೋತಾ.

ಪಟ್ಟನಾಯಕನಹಳ್ಳಿಯಲ್ಲಿ ಬಸ್ಸು ಹತ್ತುವಾಗ ನೋಡಿದರೆ ಬೋರಣ್ಣನೂ ಹತ್ತಿದ್ದಾನೆ. ಹೆಗಲ ಮೇಲೆ ಟವೆಲ್ಲು.

"ನೀನ್ಯಾಕಪ್ಪ?"

"ಯಾಪಾರಕ್ಕೆ ಹೊಂಟಿದ್ದೀಯ, ನಾನಿಲ್ದಿದ್ರೆ ಹೆಂಗೆ?"

ಅಂಗಡಿಯಲ್ಲಿ ಅವನು ಒಂದೊಂದು ಸಾಮಾನನ್ನೂ ಎತ್ತಿ ತೂಕ ನೋಡಿದ. ಕಾರ್ಡಿನ ಫ್ಯಾನಿನೊಳಗೆ ಬೆರಳಿಟ್ಟು, ಕುರಿಯ ಹಲ್ಲು ನೋಡುವ ಹಾಗೆ ಬಗ್ಗಿ ನೋಡಿದ. ಗಂಗಾಲಕ್ಷ್ಮಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾಚಿಕೆಪಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೆ ಇಪ್ಪತ್ತರ ವಯಸ್ಸಿಗೆ ಅದನ್ನು ಹೇಳುವವರು ಯಾರು?

"ಇದೇನವ್ವ?" ಎಂದು ಪಕ್ಕದಲ್ಲಿದ್ದ ಕರಿ ಡಬ್ಬಿಯನ್ನು ತಟ್ಟಿದ.

"ಪವರ್ ಸಪ್ಲೈ ಕಣಪ್ಪ. ಕಾರ್ಡ್‌ಗೆ ಕರೆಂಟ್ ಕುಡಿಸೋದೇ ಇದು. ಇದಿಲ್ದಿದ್ರೆ ಕಾರ್ಡು ಬದುಕಲ್ಲ."

ಬೋರಣ್ಣ ತಲೆಯಾಡಿಸಿದ.

ಅಷ್ಟರಲ್ಲಿ ಅವಳ ಕಾಲೇಜಿನದೇ ಹುಡುಗ ರೇವಂತ್ ಬಂದು ಅದೇ ಕಾರ್ಡನ್ನು ನೋಡಿ, "ಹನ್ನೆರಡು ಸಾವಿರ ಕೊಡ್ತೀನಣ್ಣ" ಎಂದುಬಿಟ್ಟ. ಗಂಗಾಲಕ್ಷ್ಮಿ ತಿರುಗಿ ಅಪ್ಪನನ್ನು ನೋಡಿದಳು. ಎರಡು ತಿಂಗಳ ಲೆಕ್ಕ ಅವನ ಒಂದು ಮಾತಿಗೆ ಕೆಟ್ಟಿತ್ತು.

ಮಗಳ ಮುಖ ನೋಡಿದ ಬೋರಣ್ಣ ತಡ ಮಾಡಲಿಲ್ಲ. ಭೀಮರಾಜುವಿನ ಬಲಗೈ ಹಿಡಿದು ಮೇಲೆ ಟವೆಲ್ಲು ಮುಚ್ಚಿದ. ಕುರಿ ಸಂತೆಯ ಪದ್ಧತಿ ಅದು: ಬೆಲೆಯನ್ನು ಬಾಯಲ್ಲಿ ಹೇಳದೆ ಬೆರಳು ಒತ್ತಿ ತಿಳಿಸುವುದು, ಪಕ್ಕದವನಿಗೆ ಗುಟ್ಟು ಬಿಡದಿರುವುದು. ಭೀಮರಾಜುವೂ ಮಾವನ ಜೊತೆ ಸಂತೆ ಸುತ್ತಿದವನೇ. ಬೋರಣ್ಣ ಐದು ಬೆರಳು ಒತ್ತಿದ, ಮತ್ತೆ ಐದು, ಆಮೇಲೆ ಮೂರು. "ಆಯ್ತಣ್ಣ" ಎಂದು ಭೀಮರಾಜು ನಕ್ಕ. ರೇವಂತ್ ಬಾಯಿ ಬಿಟ್ಟುಕೊಂಡು ನಿಂತ.

"ಹದಿಮೂರಕ್ಕೆ ಮುಗಿಸ್ಬುಟ್ಟೆ ಕಣವ್ವ, ಎರಡೂ ಸೇರಿ! ನಿನ್ ಲೆಕ್ಕಕ್ಕಿಂತ ಒಂದು ಸಾವಿರ ಕಮ್ಮಿ."

ಭೀಮರಾಜು ಬಿಲ್ಲು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. "ಎರಡೂ ಅಂದ್ರೆ? ಹದಿಮೂರು ಕಾರ್ಡ್ ಒಂದಕ್ಕೇ ಅಣ್ಣ. ಪವರ್ ಸಪ್ಲೈ ಬ್ಯಾರೆ."

"ಬ್ಯಾರೆ ಹೆಂಗ್ಲಾ ಆಯ್ತದೆ? ಇದು ಕುಡಿಸ್ತದೆ, ಅದು ಕುಡೀತದೆ. ಹಾಲು ಕುಡಿಯೋ ಮರೀನ ತಾಯಿ ಬುಟ್ಟು ಯಾವೋನ್ಲಾ ಮಾರ್ತಾನೆ?"

"ಇದು ಕುರಿಯಲ್ಲ ಅಣ್ಣ!"

ಬೋರಣ್ಣನಿಗೆ ತನ್ನ ತಪ್ಪು ತಿಳಿಯಿತು. ದೊಡ್ಡ ಮೈಯ ಆ ಮನುಷ್ಯ ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತ. ಮಗಳ ಲೆಕ್ಕಕ್ಕಿಂತ ಎರಡು ಸಾವಿರ ಹೆಚ್ಚು ಬಿದ್ದಿತ್ತು. ಅವನ ಜೇಬಿನಲ್ಲಿದ್ದದ್ದು ಬಸ್ ಚಾರ್ಜು ಮಾತ್ರ.

"ಮೂವತ್ತು ವರ್ಸದಲ್ಲಿ ಟವೆಲ್ ಕೆಳಗೆ ಆಡಿದ್ ಮಾತು ಒಂದ್ಸಲಾನೂ ಹಿಂದಕ್ಕೆ ತಕ್ಕಂಡಿಲ್ಲ" ಎಂದ. "ದುಡ್ಡು ನಿಂದು ಕಣವ್ವ. ನೀ ಹೇಳು, ಇವತ್ತು ತಕ್ಕಂತೀನಿ."

ಅಪ್ಪನ ಮಾತು ಎಷ್ಟು ತೂಕದ್ದೆಂದು ಗಂಗಾಲಕ್ಷ್ಮಿಗೆ ಗೊತ್ತಿತ್ತು. ಆ ಮಾತಿನ ಮೇಲೆಯೇ ಇಡೀ ಸಂತೆ ಅವನಿಗೆ ಸಾಲವಾಗಿ ಕುರಿ ಬಿಟ್ಟುಕೊಡುತ್ತಿತ್ತು. ಅದನ್ನೀಗ ಅವಳ ಮುಂದೆ ಇಟ್ಟು ಕುಳಿತಿದ್ದಾನೆ. ಬೆಳಗಿನಿಂದ ಅವನ ಬಗ್ಗೆ ಪಟ್ಟ ನಾಚಿಕೆಗೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಲ್ಲದೆ ತಾನೇ ಬೆಲೆ ಕೇಳಿದ್ದರೆ ಹನ್ನೊಂದಕ್ಕೇ ನಿಂತುಬಿಡುತ್ತಿದ್ದಳು, ಈ ಹೊತ್ತಿಗೆ ಕಾರ್ಡು ರೇವಂತನ ಚೀಲದಲ್ಲಿರುತ್ತಿತ್ತು.

"ಏನೂ ತಕ್ಕಬ್ಯಾಡ ಸುಮ್ನಿರಪ್ಪ" ಎಂದಳು. "ಅಣ್ಣಾ, ಗಾಜಿನ ಡಬ್ಬ ಬ್ಯಾಡ. ಆ ಮೂಲೇಲಿ ಬಿದ್ದೈತಲ್ಲ ತಗಡಿಂದು, ಅದೆಷ್ಟು?"

ಯಾವುದೋ ಹಳೆಯ ಸೈಬರ್ ಸೆಂಟರಿನ ಡಬ್ಬ, ಒಂದು ಕಡೆ ಜಜ್ಜಿಹೋಗಿತ್ತು. ಭೀಮರಾಜು ಐನೂರು ಎಂದ. ಅಲ್ಲಿಗೆ ಎರಡೂವರೆ ಸಾವಿರ ಉಳಿದು ಲೆಕ್ಕ ಸರಿಹೋಯಿತು. ಬಣ್ಣದ ದೀಪ ಹೋದದ್ದಕ್ಕೆ ಅವಳಿಗೆ ಬೇಜಾರಾಯಿತು, ಆಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಲ್ಲೇ ಕೂತು ಒಂದು ಗಂಟೆ ಸ್ಕ್ರೂ ತಿರುಗಿಸುವುದರಲ್ಲಿ ಆ ಬೇಜಾರು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಭೀಮರಾಜು ಅಂಗಡಿಯ ಪರದೆಗೆ ತಂತಿ ಸಿಕ್ಕಿಸಿ, ಪರೀಕ್ಷೆಗೆಂದು ಒಂದು ಗೇಮ್ ಹಾಕಿದ. ಕುದುರೆ ಸವಾರನೊಬ್ಬ ಗುಡ್ಡ ಹತ್ತಿ ನಿಂತ. ಕೆಳಗೆ ಕಣ್ಣು ಹಾಯುವಷ್ಟು ದೂರವೂ ಮೊಣಕಾಲೆತ್ತರದ ಹುಲ್ಲು. ಗಾಳಿಗೆ ಒಂದೊಂದು ಎಸಳೂ ಬೇರೆ ಬೇರೆಯಾಗಿ ಬಾಗುತ್ತಿತ್ತು, ಚಿತ್ರ ಎಲ್ಲಿಯೂ ತಡವರಿಸಲಿಲ್ಲ. ಗಂಗಾಲಕ್ಷ್ಮಿ ಖುಷಿಯಿಂದ ಚಪ್ಪಾಳೆ ತಟ್ಟಿದಳು.

ಬೋರಣ್ಣ ಸ್ಟೂಲಿನಿಂದ ಎದ್ದು ಪರದೆಯ ಹತ್ತಿರ ಬಂದ. ಸವಾರನನ್ನು ನೋಡಲಿಲ್ಲ, ಕುದುರೆಯನ್ನೂ ನೋಡಲಿಲ್ಲ. ಬಹಳ ಹೊತ್ತು ಆ ಹಸುರನ್ನೇ ನೋಡಿದ.

"ಈ ಹುಲ್ಲು ತೋರಿಸ್ತಿರೋದು ಯಾವುದವ್ವ?"

"ಕಾರ್ಡು ಕಣಪ್ಪ."

"ಅಂಗಾರೆ ಹದಿಮೂರು ಏನು ಜಾಸ್ತಿಯಾಗ್ಲಿಲ್ಲ ಬುಡು" ಎಂದ ಬೋರಣ್ಣ.