ನೆಲೋಗಿಯ ಅಕ್ಕ

"ಮೊಣಕಾಲು ಬ್ಯಾನಿ ಅದ, ಬರಾಕ ಆಗಂಗಿಲ್ಲ ಅಂತ ಹೇಳು" ಎಂದು ಚಮನಬಿ ಫೋನನ್ನು ಸೊಸೆಯ ಕೈಗೆ ವಾಪಸು ಕೊಟ್ಟಳು. ಆ ಕಡೆ ನೆಲೋಗಿಯಿಂದ ಅಕ್ಕ ಮೆಹರಾಜಬೇಗಂ ಇನ್ನೂ ಮಾತಾಡುತ್ತಲೇ ಇದ್ದಳು. ಸೊಸೆ ಶಾಹೀನ ಅತ್ತೆ ಹೇಳಿದ್ದನ್ನು ಹೇಳಿದಳು. ಆಮೇಲೆ ಫೋನು ಕಟ್ಟಾಯಿತು.

ಮೆಹರಾಜಬೇಗಂ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಆಪರೇಶನ್ ಆಗಿ ಮನೆಗೆ ಬಂದಮೇಲೆ ಅವಳು ಕೇಳಿದ್ದು ತಂಗಿಯೊಬ್ಬಳನ್ನೇ. ತಾಯಿ ತೀರಿಕೊಂಡಾಗ ಚಮನಬಿ ಇನ್ನೂ ಮೊಲೆ ಬಿಡದ ಕೂಸು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ನರೋಣಾಕ್ಕೆ ಮದುವೆ ಮಾಡಿ ಕಳಿಸಿದವಳು, ಅವಳು ಆಪಾ ಎಂದು ಕರೆಯುವ ಈ ಅಕ್ಕನೇ. ಅಂಥವಳು ಕರೆದರೂ ಹೋಗುವುದಿಲ್ಲವೆಂದರೆ ಮಗ ರಸೂಲನಿಗೆ ಸಿಟ್ಟು ಬಂತು. ವಯಸ್ಸಾದಂತೆ ಅಮ್ಮೀಗೆ ಹಟ ಹೆಚ್ಚಾಯಿತು ಎಂದು ಗೊಣಗಿ, ತನ್ನ ವೆಲ್ಡಿಂಗ್ ಅಂಗಡಿಗೆ ಹೋದ.

ಚಮನಬಿಯ ಮೊಣಕಾಲಿಗೆ ಏನೂ ಆಗಿರಲಿಲ್ಲ. ಆದರೆ ಅವಳು ಬದಲಾಗಿದ್ದು ನಿಜ. ಹಿಂದಿನ ಬೇಸಿಗೆಯಿಂದ ಓಣಿಯ ಯಾವ ಮದುವೆಗೂ ಹೋಗಿರಲಿಲ್ಲ. ಎದುರು ಮನೆಯ ಗೌರಾಬಾಯಿಯ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತ ಹರಟುವುದೂ ನಿಂತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ನಮಾಜು ಬಿಟ್ಟಿದ್ದಳು. ಕೇಳಿದರೆ ಮುಖ ತಿರುಗಿಸುತ್ತಿದ್ದಳು.

ಫೋನು ಬಂದ ಎರಡು ದಿನಕ್ಕೆ, ಬಿಸಿಲು ಏರಿದ ಹೊತ್ತಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ಕುಸಿದು ಬಿದ್ದಳು. ಊರ ಡಾಕ್ಟರು ಬಂದು ಸಲೈನ್ ಹಚ್ಚಿ, ಮೈಯಲ್ಲಿ ನೀರೇ ಇಲ್ಲ, ಈ ಬಿಸಿಲಿನಲ್ಲಿ ನೀರು ಕುಡಿಯದೆ ಹೇಗಿದ್ದಾರೆ ಎಂದು ಬೈದರು. ಅತ್ತೆ ಮಲಗಿದ್ದಾಗ, ಹಾಸಿಗೆ ಬದಲಿಸಲೆಂದು ಶಾಹೀನ ಕೌದಿ ತೆಗೆಯಲು ಹೋದಳು. ಕೌದಿಯ ಗಂಟಿನ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಸೀರೆಯ ತುಂಡುಗಳಿದ್ದವು. ಕೆಲವು ಇನ್ನೂ ಹಸಿ. ಅವುಗಳ ಉಚ್ಚೆಯ ವಾಸನೆಗೆ ಅವಳಿಗೆ ಎಲ್ಲ ತಿಳಿಯಿತು. ಅವನ್ನು ಒಗೆದು, ಮಾಳಿಗೆಯ ಬಿಸಿಲಲ್ಲಿ ಒಣಗಿಸಿ, ಮಡಚಿ ಅತ್ತೆಯ ತಲೆದೆಸೆಯಲ್ಲಿಟ್ಟಳು.

ಎಚ್ಚರವಾದ ಚಮನಬಿ ಮಡಚಿಟ್ಟ ಆ ತುಂಡುಗಳನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ಸಂಜೆ ಊಟ ಬೇಡವೆಂದಳು. ಶಾಹೀನ ತಟ್ಟೆ ಪಕ್ಕಕ್ಕಿಟ್ಟು, ಹತ್ತಿರ ಬಂದು ಕೂತಳು.

"ಅಮ್ಮೀ, ಅಬ್ರಾರ ಹುಟ್ಟಿದ ಮ್ಯಾಲಿಂದ ನಂಗೂ ಹಂಗೇ ಆಗ್ತದರಿ. ಕೆಮ್ಮಿದ್ರ, ಕೊಡ ಎತ್ತಿದ್ರ. ಯಾರ ಮುಂದೂ ಹೇಳಿಲ್ಲ ನಾನು."

"ನೀ ಇನ್ನಾ ಸಣ್ಣಾಕಿ" ಎಂದಳು ಚಮನಬಿ.

"ಅದಕ್ಕ ಸಣ್ಣಾಕಿ ದೊಡ್ಡಾಕಿ ಅನ್ನೋದು ಗೊತ್ತಾಗ್ತದೇನ್ರಿ?"

ಆಮೇಲೆ ಚಮನಬಿ ಒಂದೊಂದೇ ಹೇಳಿದಳು. ಆಳಂದದಿಂದ ಬಸ್ಸಿನಲ್ಲಿ ಬರುವಾಗ ತಡೆಯಲಾಗದೆ ಸೀಟು ಒದ್ದೆಯಾಗಿತ್ತು. ಅವಳು ಎದ್ದ ಜಾಗದಲ್ಲಿ ಕೂರಲು ಬಂದ ಹುಡುಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಅಂದಿನಿಂದ ನೀರು ಬಿಟ್ಟಳು, ಬಸ್ಸು ಬಿಟ್ಟಳು. ಮೈ ಪಾಕಾಗಿಲ್ಲ, ಶುದ್ಧವಿಲ್ಲವೆಂದು ನಮಾಜಿನ ಚಾಪೆಯನ್ನೂ ಮುಟ್ಟಲಿಲ್ಲ. "ನೆಲೋಗಿಗೆ ಅರ್ಧಾ ದಿನದ ದಾರಿ. ಆಪಾನ ಹಾಸಿಗಿ ಮ್ಯಾಲ ಕುಂತಾಗ ಹಂಗಾದ್ರ ಏನ್ ಮಾಡ್ಲಿ?" ಎಂದಳು.

ಆಳಂದದ ದವಾಖಾನೆಯಲ್ಲಿ ವಾರಕ್ಕೊಮ್ಮೆ ವಯಸ್ಸಾದವರನ್ನೇ ಬೇರೆಯಾಗಿ ನೋಡುತ್ತಿದ್ದರು. ಶಾಹೀನ ಆಟೋ ಮಾಡಿಸಿದಳು. ವಿಷಯ ತಿಳಿಯದ ಗೌರಾಬಾಯಿ, ತನ್ನ ಸೊಂಟನೋವಿಗೂ ಔಷಧಿ ಸಿಕ್ಕೀತೆಂದು ಜೊತೆಗೆ ಹತ್ತಿ ಕೂತಳು. ಬೇಡವೆನ್ನಲು ಚಮನಬಿಗೆ ಬಾಯಿ ಬರಲಿಲ್ಲ.

ಅಲ್ಲಿಯ ಡಾಕ್ಟರು ಶಾಂಭವಿ ಪರದೆ ಎಳೆದು, ಮೂತ್ರ ತಪಾಸಣೆಗೆ ಕಳಿಸಿ, ಸಮಾಧಾನವಾಗಿ ಕೇಳಿದಳು. ಮೂತ್ರದಲ್ಲಿ ಸೋಂಕಿತ್ತು. ಅದಕ್ಕೆ ಗುಳಿಗೆ ಬರೆದಳು. ನೀರು ಬಿಟ್ಟರೆ ಉರಿ ಹೆಚ್ಚಾಗಿ ಇನ್ನಷ್ಟು ಅವಸರವಾಗುತ್ತದೆ, ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರಬೇಕು, ಬರಲಿ ಬಿಡಲಿ ಹೊತ್ತಿಗೆ ಸರಿಯಾಗಿ ಹೋಗಿ ಬರಬೇಕು ಎಂದಳು. ಒಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವುದನ್ನು ಕೂತಲ್ಲೇ ಕಲಿಸಿದಳು. ಪ್ರಯಾಣದಲ್ಲಿ ಹಾಕಿಕೊಳ್ಳುವ ಪ್ಯಾಡು ತೋರಿಸಿದಳು. ಪೂರ್ತಿ ಹೋಗುತ್ತದೆಂದು ಹೇಳಲಿಲ್ಲ, ಬಹಳ ಕಡಿಮೆಯಾಗುತ್ತದೆ ಎಂದಳು. ನಮಾಜಿನ ಮಾತು ಮಾತ್ರ ಅವಳಿಗೆ ತಿಳಿಯಲಿಲ್ಲ. ಅದನ್ನು ಶಾಹೀನ ಅಫಜಲಪುರದಲ್ಲಿ ಹೆಣ್ಣುಮಕ್ಕಳಿಗೆ ಕುರಾನು ಕಲಿಸುವ ತನ್ನ ಚಿಕ್ಕಮ್ಮನಿಗೆ ಫೋನಿನಲ್ಲಿ ಕೇಳಿದಳು. ಇಂಥ ಬೇನೆಯವರಿಗೆ ರಿಯಾಯಿತಿ ಇದೆ, ಪ್ರತಿ ಹೊತ್ತಿಗೂ ಹೊಸದಾಗಿ ಕೈಕಾಲು ಮುಖ ತೊಳೆದು ವುಜೂ ಮಾಡಿಕೊಂಡು ನಮಾಜು ಓದಬಹುದು ಎಂದು ಆಕೆ ಹೇಳಿದಾಗ ಚಮನಬಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ವಾಪಸು ಬರುವಾಗ ಆಟೋದಲ್ಲಿ ಗೌರಾಬಾಯಿ ಚಮನಬಿಯ ಪಕ್ಕಕ್ಕೇ ಕೂತಳು. ಪರದೆಯ ಈಚೆಗೆ ಕೂತಿದ್ದ ಅವಳಿಗೆ ಎಲ್ಲ ಕೇಳಿಸಿತ್ತು. ಊರು ಹತ್ತಿರವಾದಾಗ, "ಬಿಗಿ ಹಿಡದು ಎಷ್ಟೊತ್ತು ಬಿಡಬೇಕಂದ್ಳು ಆಕಿ?" ಎಂದು ಮೆಲ್ಲಗೆ ಕೇಳಿದಳು.

ಕಟ್ಟೆಯ ಹರಟೆ ಮತ್ತೆ ಶುರುವಾಯಿತು. ಮಾತಿನ ನಡುವೆ ಇಬ್ಬರೂ ಒಮ್ಮೆಲೇ ಸುಮ್ಮನಾಗಿ ಎದುರಿನ ಗೋಡೆ ನೋಡುತ್ತ ಕೂರುವರು. ಯಾರಾದರೂ ಒಬ್ಬರಿಗೆ ನಗು ಬಂದರೆ ಇನ್ನೊಬ್ಬರ ಬಿಗಿಯೂ ಸಡಿಲುತ್ತಿತ್ತು. ದಾರಿಹೋಕರಿಗೆ ಈ ಮುದುಕಿಯರಿಗೇನಾಯಿತೋ ತಿಳಿಯುತ್ತಿರಲಿಲ್ಲ. ಒಂದು ದಿನ ರಸೂಲ ಅಂಗಡಿಯಿಂದ ಕಬ್ಬಿಣದ ಪೈಪು ತಂದು, ತಾಯಿಯ ಮಂಚದಿಂದ ಪಾಯಖಾನೆಯವರೆಗೆ ಗೋಡೆಗುಂಟ ಹಿಡಿಕೆ ಕೂಡಿಸಿದ. ವೆಲ್ಡಿಂಗಿನ ಒರಟು ಉಳಿಯದಂತೆ ಅವನು ಅದನ್ನು ಬಹಳ ಹೊತ್ತು ಉಜ್ಜುತ್ತಿದ್ದುದನ್ನು ಚಮನಬಿ ನೋಡಿದಳು.

ಮಳೆ ಶುರುವಾಗುವ ಮುಂಚೆ ಚಮನಬಿ ನೆಲೋಗಿಗೆ ಹೊರಟಳು. ರಸೂಲ ಬಾಡಿಗೆ ಗಾಡಿ ತರುತ್ತೇನೆಂದರೂ ಬಸ್ಸಿಗೇ ಹೋಗುತ್ತೇನೆಂದಳು. ಶಾಹೀನ ಜೊತೆಗೆ ಬಂದಳು. ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲೊಮ್ಮೆ, ಜೇವರ್ಗಿಯಲ್ಲೊಮ್ಮೆ ಇಳಿದು ಹೋಗಿಬಂದರು. ಸೀಟಿನಿಂದ ಏಳುವಾಗಲೆಲ್ಲ ಚಮನಬಿ ತಿರುಗಿ ನೋಡಿದಳು. ಸೀಟು ಒಣಗಿಯೇ ಇತ್ತು.

ನೆಲೋಗಿಯ ಮನೆಯಲ್ಲಿ ಮೆಹರಾಜಬೇಗಂ ಮಂಚದ ಮೇಲಿದ್ದಳು. ತಂಗಿ ಬಾಗಿಲಲ್ಲಿ ನಿಂತದ್ದನ್ನು ಕಂಡು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಸಾಯುವುದರೊಳಗೆ ಬಂದೆಯಲ್ಲ, ಅದೇ ದೊಡ್ಡದು ಎಂದಳು. ಕೋಣೆಯಲ್ಲಿ ಸೊಸೆಯಂದಿರಿದ್ದರು, ನೆರೆಮನೆಯ ಹೆಂಗಸರಿದ್ದರು. ಶಾಹೀನ ಏನೋ ಹೇಳಲು ಹೋದಳು. ಚಮನಬಿ ಅವಳ ಕೈ ಹಿಡಿದು ತಡೆದಳು.

"ಮೊಣಕಾಲು ಬ್ಯಾನಿ ಅಂದಿದ್ದು ಸುಳ್ಳದ, ಆಪಾ" ಎಂದಳು. "ನಂಗ ಉಚ್ಚಿ ತಡಿಯಾಕ ಆಗ್ತಿದ್ದಿಲ್ಲ. ನಿನ್ನ ಹಾಸಿಗಿ ಹೊಲಸಾಗ್ತದಂತ ಅಂಜಿದೆ."

ಹೊರಗೆ ಯಾರೋ ಆಡುಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಮೆಹರಾಜಬೇಗಂ ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು. ಎರಡೂ ಕೈಗಳಿಂದ ಮಂಚದ ಪಟ್ಟಿ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಮೆಲ್ಲ ಮೆಲ್ಲಗೆ ಆಚೆ ಸರಿದು, ತಂಗಿಗೆ ಜಾಗ ಮಾಡಿದಳು.